ದಾವಣಗೆರೆ, ಹರಿಹರದಲ್ಲಿ ಪುಟ್ಟ ಮುಖಗಳ ಜೊತೆ

ಬೆಂಗಳೂರಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋದವರಿಗೆ ದಾವಣಗೆರೆ ಮತ್ತು ಹರಿಹರ ಹೊಸ ಹೆಸರುಗಳಲ್ಲ. ಎರಡೂರಿನ ನಡುವೆ ಸುಮಾರು 14 ಕಿಲೋಮೀಟರ್ ದೂರ. ಹೆಚ್ಚಿನವರು ರೈಲಿನ ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಒಂದು ದಿನ ಬಿಡುವು ಮಾಡಿಕೊಂಡು ಇಲ್ಲಿ ಇಳಿಯಿರಿ, ಮಕ್ಕಳನ್ನೂ ಕರೆದುಕೊಂಡು ಬನ್ನಿ. ನಾನು ಈ ಊರುಗಳನ್ನು ಸರಿಯಾಗಿ ನೋಡಿದ್ದು ಕೆಲಸದ ನೆಪದಲ್ಲಿ, ಆರು ಮಕ್ಕಳ ಜೊತೆ.

ಮದುಮಗಳಿಗೆ ಮೆಹಂದಿ ಹಚ್ಚುವುದು, ಮೇಕಪ್ ಮಾಡುವುದು ನನ್ನ ಕಸುಬು. ಹಬ್ಬ ಹತ್ತಿರ ಬಂದಾಗ ಬಟ್ಟೆ ಅಂಗಡಿಯವರು ಮಕ್ಕಳ ಉಡುಪಿನ ಜಾಹೀರಾತಿಗೆ ಫೋಟೋ ತೆಗೆಸುತ್ತಾರೆ. ಹಾಗೆ ಒಂದು ಅಂಗಡಿಯವರು ನನ್ನನ್ನೂ ಕರೆದರು. ಮಕ್ಕಳೆಲ್ಲ 3ರಿಂದ 9 ವರ್ಷದೊಳಗಿನವರು, ಎಲ್ಲರ ಜೊತೆಗೂ ತಾಯಂದಿರು.

ಬೆಳಗಿನ ಕೆಲಸ ದಾವಣಗೆರೆಯ ಗಾಜಿನ ಮನೆಯಲ್ಲಿ. ಕುಂದವಾಡ ಕೆರೆಯ ಬಳಿ ಇರುವ ಇದನ್ನು ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯ ಮಾದರಿಯಲ್ಲಿ ಕಟ್ಟಿದ್ದಾರೆ. ಲಾಲ್‌ಬಾಗಿನದು ಬ್ರಿಟಿಷರ ಕಾಲದ್ದು, 1889ರಲ್ಲಿ ಅದರ ಶಂಕುಸ್ಥಾಪನೆಯಾಯಿತು. ದಾವಣಗೆರೆಯದು ನಮ್ಮ ಕಾಲದ್ದೇ. ಗಾಜಿನೊಳಗಿಂದ ಬರುವ ಬೆಳಗಿನ ಬೆಳಕು ಮೃದುವಾಗಿರುತ್ತದೆ, ಮಕ್ಕಳ ಮುಖಕ್ಕೆ ಬಣ್ಣವೇ ಬೇಡ ಅನಿಸುತ್ತದೆ.

ನಿಜ ಹೇಳಬೇಕೆಂದರೆ ಬಣ್ಣ ಬೇಡವೇ ಬೇಡ. ಮಕ್ಕಳ ಚರ್ಮ ನಮ್ಮ ಚರ್ಮಕ್ಕಿಂತ ತೆಳು, ಹಚ್ಚಿದ್ದನ್ನು ಬೇಗ ಹೀರಿಕೊಳ್ಳುತ್ತದೆ. ನಾನು ಮುಖ ತೊಳೆಸಿ, ವಾಸನೆಯಿಲ್ಲದ ಕ್ರೀಮು ತೆಳುವಾಗಿ ಸವರಿ, ಬೆವರು ಹೊಳೆಯದಂತೆ ಚೂರು ಪೌಡರ್ ಹಾಕುತ್ತೇನೆ. ತುಟಿಗೆ ಬಾಮ್ ಸಾಕು. ಹೊಸ ವಸ್ತು ಏನೇ ಇರಲಿ, ಹಿಂದಿನ ದಿನವೇ ಕಿವಿಯ ಹಿಂದೆ ಹಚ್ಚಿ ನೋಡಲು ತಾಯಂದಿರಿಗೆ ಹೇಳಿರುತ್ತೇನೆ. ಒಂದು ಮಗುವಿಗೆ ಬಳಸಿದ ಬ್ರಷ್ಷು ಇನ್ನೊಂದು ಮಗುವಿಗೆ ಮುಟ್ಟಿಸುವುದಿಲ್ಲ. ಕಣ್ಣಿನ ನೋವು, ಚರ್ಮದ ಗುಳ್ಳೆ ಹರಡಲು ಬ್ರಷ್ಷಿಗಿಂತ ಸುಲಭದ ದಾರಿಯಿಲ್ಲ.

"ಆಪಾ, ಸ್ವಲ್ಪ ಸುರ್ಮಾ ಹಾಕಿ, ಕಣ್ಣು ಎದ್ದು ಕಾಣಲಿ" ಎಂದರು ಒಬ್ಬ ತಾಯಿ. ಈ ಮಾತು ನಿಮ್ಮ ಮನೆಯಲ್ಲೂ ಕೇಳಿಬರುತ್ತದೆ ಅಲ್ಲವೇ? ಪೇಟೆಯಲ್ಲಿ ಸಿಗುವ ಅನೇಕ ಸುರ್ಮಾ, ಕಾಡಿಗೆಗಳಲ್ಲಿ ಸೀಸ ಇರುತ್ತದೆ. ಮಗು ಕಣ್ಣುಜ್ಜಿ ಅದೇ ಕೈಯನ್ನು ಬಾಯಿಗಿಟ್ಟುಕೊಂಡರೆ ಸೀಸ ಒಳಗೆ ಹೋಗುತ್ತದೆ. ಅದು ಮಗುವಿನ ರಕ್ತ ಸೇರಿದರೆ ಬುದ್ಧಿಯ ಬೆಳವಣಿಗೆಗೇ ಪೆಟ್ಟು. ಹಾಗೆಯೇ ಬೇಗ ಕಪ್ಪಾಗುವ "ಕಪ್ಪು ಮೆಹಂದಿ". ಅದರಲ್ಲಿ ಕೂದಲಿನ ಬಣ್ಣಕ್ಕೆ ಹಾಕುವ ಪಿಪಿಡಿ ಎಂಬ ರಾಸಾಯನಿಕ ಬೆರೆತಿರಬಹುದು. ಕೈಯಲ್ಲಿ ಬೊಬ್ಬೆ ಎದ್ದು ಕಲೆ ಉಳಿದ ಮಕ್ಕಳಿದ್ದಾರೆ. ಸೊಪ್ಪಿನ ಮೆಹಂದಿ ಬಣ್ಣ ಬಿಡಲು ಗಂಟೆಗಟ್ಟಲೆ ಬೇಕು. ಹತ್ತೇ ನಿಮಿಷದಲ್ಲಿ ಕಪ್ಪಾದರೆ ಅನುಮಾನಿಸಿ.

ಮಧ್ಯಾಹ್ನ ಹರಿಹರಕ್ಕೆ ಹೊರಟೆವು. ದಾವಣಗೆರೆ ಮೊದಲು ಬೇತೂರಿಗೆ ಸೇರಿದ ಒಂದು ಸಣ್ಣ ಹಳ್ಳಿ. ಹೈದರಾಲಿ ಇದನ್ನು ಅಪ್ಪಾಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಆತ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ ಮೇಲೆ ಊರು ಬೆಳೆಯಿತು. ಮುಂದೆ ಹತ್ತಿ ಗಿರಣಿಗಳು ಬಂದು "ಕರ್ನಾಟಕದ ಮ್ಯಾಂಚೆಸ್ಟರ್" ಎನಿಸಿಕೊಂಡಿತು. ಗಿರಣಿಗಳ ಆ ಕಾಲ ಮುಗಿದಿದೆ, ಬಟ್ಟೆ ವ್ಯಾಪಾರ ಮಾತ್ರ ಉಳಿದಿದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು.

ಹರಿಹರ ಇದಕ್ಕಿಂತ ಬಹಳ ಹಳೆಯದು. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಇಲ್ಲಿದೆ. 1763ರಲ್ಲಿ ಊರು ಹೈದರಾಲಿಯ ಕೈಗೆ ಬಂತು. ಆಮೇಲೆ ಬ್ರಿಟಿಷರು ಊರಿನ ಹೊರಗೆ ದಂಡು ಇಟ್ಟಿದ್ದರು, 1865ರವರೆಗೂ ಇಲ್ಲೊಂದು ಸಿಪಾಯಿ ಪಡೆ ಇತ್ತು. ಬೆಂಗಳೂರು-ಧಾರವಾಡ ಹೆದ್ದಾರಿಗಾಗಿ ತುಂಗಭದ್ರೆಗೆ ಕಲ್ಲು, ಇಟ್ಟಿಗೆಯ ಸೇತುವೆ ಕಟ್ಟಿ ಮುಗಿಸಿದ್ದು 1868ರಲ್ಲಿ. 14 ಕಮಾನು, ಒಂದೊಂದೂ 60 ಅಡಿ ಅಗಲ. 1941ರಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗ ಮುಚ್ಚಿದೆ. ದಂಡೂ ಹೋಯಿತು, ಕಾರ್ಖಾನೆಯೂ ಹೋಯಿತು. ಹೊಳೆ ಮಾತ್ರ ಹರಿಯುತ್ತಲೇ ಇದೆ.

ಹೊಳೆ ದಂಡೆಯಲ್ಲಿ ಸಂಜೆಯ ಫೋಟೋ. ಅಷ್ಟು ಹೊತ್ತಿಗೆ ನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ಸಾಕಾಗಿತ್ತು. ಜರಿಯ ಲೆಹೆಂಗಾ ಸೊಂಟಕ್ಕೆ ಚುಚ್ಚುತ್ತಿತ್ತು, ನಿದ್ದೆ ಎಳೆಯುತ್ತಿತ್ತು. "ಖಾಲಾ, ಮನೆಗೆ ಹೋಗೋಣ" ಎಂದು ನನ್ನ ಬುರ್ಖಾ ಹಿಡಿದಳು. "ಇನ್ನೆರಡೇ ಫೋಟೋ" ಎಂದರು ಕ್ಯಾಮರಾದವರು. ತಾಯಿ ನನ್ನ ಮುಖ ನೋಡಿದರು. ಬೇಡವೆಂದರೆ ಮುಂದಿನ ಸಲ ಕರೆಯಲಿಕ್ಕಿಲ್ಲ ಎಂಬ ಹೆದರಿಕೆ ಅವರಿಗೆ. ಅದೇ ಹೆದರಿಕೆ ನನಗೂ ಇತ್ತು. ಆದರೂ ಕೊಬ್ಬರಿ ಎಣ್ಣೆ, ಹತ್ತಿಬಟ್ಟೆ ತೆಗೆದು ಮಗುವಿನ ಮುಖ ಒರೆಸತೊಡಗಿದೆ. ಮೇಕಪ್ ತೆಗೆದ ಮೇಲೆ ಫೋಟೋ ಎಲ್ಲಿಯದು? ಕ್ಯಾಮರಾದವರು ಗೊಣಗಿದರು. ಮಗು ತಾಯಿಯ ಹೆಗಲ ಮೇಲೆ ನಿದ್ದೆ ಹೋಯಿತು.

ಸಹೋದರಿಯರೇ, ಇದು ಕರುಣೆಯ ಮಾತಷ್ಟೇ ಅಲ್ಲ, ಕಾನೂನೂ ಹೌದು. 2016ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವಂತಿಲ್ಲ. ಶಾಲೆಯ ನಂತರ ಅಪಾಯವಿಲ್ಲದ ಮನೆಕಸುಬಿಗೆ ನೆರವಾಗುವುದಕ್ಕೆ, ಮತ್ತು ಜಾಹೀರಾತು, ಸಿನಿಮಾ, ಟಿ.ವಿ.ಯಂಥ ಬಾಲಕಲಾವಿದರ ಕೆಲಸಕ್ಕೆ ಮಾತ್ರ ವಿನಾಯಿತಿ. ಅದಕ್ಕೂ 2017ರ ನಿಯಮಗಳು ಕಟ್ಟುಪಾಡು ಹಾಕಿವೆ. ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ವಿಶ್ರಾಂತಿಯಿಲ್ಲದೆ 3 ಗಂಟೆ ಮೀರುವಂತಿಲ್ಲ. ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿಗೆ ಇಷ್ಟವಿಲ್ಲದಿದ್ದರೆ ಬಲವಂತ ಮಾಡುವಂತಿಲ್ಲ. ನಿಮ್ಮ ಮಗುವನ್ನು ಯಾರಾದರೂ ಕರೆದರೆ ಇಷ್ಟನ್ನು ಮೊದಲೇ ಕೇಳಿ. ಕೇಳಿದ್ದಕ್ಕೆ ಮುನಿಸಿಕೊಳ್ಳುವವರ ಕೆಲಸ ಬೇಡವೇ ಬೇಡ.

ದಾವಣಗೆರೆಗೆ ಮರಳಿದ ಮೇಲೆ ಮಂಡಕ್ಕಿ ಭಟ್ಟಿಗಳ ಕಡೆಗೂ ಹೋಗಿ ಬನ್ನಿ. ಉಪ್ಪುನೀರು ಹಾಕಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದರೆ ಕಣ್ಣೆದುರೇ ಮಂಡಕ್ಕಿ ಅರಳುತ್ತದೆ. ನಮ್ಮವರ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಭಟ್ಟಿಗಳಿಂದಲೇ. ಆದರೆ ಹೊಗೆ ಕಣ್ಣು ಉರಿಸುತ್ತದೆ, ಎದೆಗೆ ಇಳಿಯುತ್ತದೆ. ಇಲ್ಲಿ ಮಕ್ಕಳು ದುಡಿಯುತ್ತಿದ್ದ ಸಂಗತಿ ಹಿಂದೆ ಹಲವು ಸಲ ಪತ್ರಿಕೆಗಳಲ್ಲಿ ಬಂದಿತ್ತು. ಮುಖಕ್ಕೆ ಪೌಡರ್ ಹಾಕಿಸಿಕೊಂಡು ನಿಂತ ಮಗುವಿಗೂ ಮುಖಕ್ಕೆ ಮಸಿ ಹತ್ತಿಸಿಕೊಂಡು ನಿಂತ ಮಗುವಿಗೂ ಕಾನೂನು ಒಂದೇ. ಮೊದಲನೆಯದರ ಫೋಟೋ ಅಂಗಡಿಯ ಮುಂದೆ ತೂಗುತ್ತದೆ, ಎರಡನೆಯದನ್ನು ನಾವು ನೋಡುವುದೇ ಇಲ್ಲ.

ಊರು ನೋಡಲು ಬಂದವರು ಬೆಣ್ಣೆದೋಸೆ ತಿನ್ನದೆ ಹೋಗಬೇಡಿ, ಮೆಣಸಿನಕಾಯಿ ಜೊತೆ ನರ್ಗಿಸ್ ಮಂಡಕ್ಕಿಯ ರುಚಿಯನ್ನೂ ನೋಡಿ. ಗಾಜಿನ ಮನೆಯಲ್ಲಿ ಮಕ್ಕಳ ಫೋಟೋ ತೆಗೆಯಿರಿ. ಮುಖ ತೊಳೆದು, ಎಣ್ಣೆ ಹಚ್ಚಿ ತಲೆ ಬಾಚಿದ್ದರೆ ಸಾಕು. ಅವರಾಗಿಯೇ ನಕ್ಕಾಗ ತೆಗೆಯಿರಿ, ನಗದಿದ್ದರೆ ಕ್ಯಾಮರಾ ಚೀಲದಲ್ಲೇ ಇರಲಿ.