ನಾಲ್ಕು ಲಕ್ಷದ ಭಾನುವಾರ

ಮಧ್ಯಮ ವರ್ಗದ ಮನೆಗೆ ಯಾವ ಹೊಸ ವಸ್ತುವೂ ನೇರವಾಗಿ ಬರುವುದಿಲ್ಲ. ಮೊದಲು ಅದರ ಸುದ್ದಿ ಬರುತ್ತದೆ. ಸುದ್ದಿಯ ಹಿಂದೆ ಬೆಲೆ ಬರುತ್ತದೆ. ಬೆಲೆಯ ಹಿಂದೆ ಚರ್ಚೆ ಬರುತ್ತದೆ. ಇವು ಮೂರೂ ಬಂದು ಹೋದ ಮೇಲೆ, ಯೋಗವಿದ್ದರೆ, ವಸ್ತು ಬರುತ್ತದೆ. ಮೈಸೂರಿನ ಸರಸ್ವತೀಪುರದ ಒಂದು ಮನೆಗೆ 2024ನೆಯ ಇಸವಿಯ ಶ್ರಾವಣದಲ್ಲಿ ಬಂದದ್ದು ಒಂದು ಮೋಟಾರ್ ಸೈಕಲ್ಲಿನ ಸುದ್ದಿ.

ಆ ಮನೆಯ ಹುಡುಗ ಬೆಂಗಳೂರಿನಲ್ಲಿ ಇಂಜಿನಿಯರು. ವಯಸ್ಸು ಇಪ್ಪತ್ತನಾಲ್ಕು, ಕೆಲಸಕ್ಕೆ ಸೇರಿ ಎರಡು ವರ್ಷ. ಆ ವರ್ಷ ಆಗಸ್ಟ್ 15ರಂದು ಬಿ. ಎಸ್. ಎ. ಗೋಲ್ಡ್ ಸ್ಟಾರ್ 650 ಎಂಬ ವಾಹನ ಭಾರತದ ಮಾರುಕಟ್ಟೆಗೆ ಬಂದಿತು. ತೆರಿಗೆ, ವಿಮೆಗಳು ಸೇರುವ ಮುಂಚಿನ ಅಂಗಡಿಯ ಬೆಲೆಯೇ 2 ಲಕ್ಷ 99 ಸಾವಿರ ರೂಪಾಯಿಗಳಿಂದ ಆರಂಭ. ಅದೇ ವಾರದ ಕೊನೆಯಲ್ಲಿ ಊರಿಗೆ ಬಂದ ಹುಡುಗ ಊಟಕ್ಕೆ ಕುಳಿತಾಗ ಈ ಸಂಗತಿಯನ್ನು ಮೆಲ್ಲನೆ ತಿಳಿಸಿದ.

ಹುಳಿ ಬಡಿಸುತ್ತಿದ್ದ ತಾಯಿ ಸೌಟನ್ನು ಅಲ್ಲಿಯೇ ನಿಲ್ಲಿಸಿದರು. “ಬಿ. ಎಸ್. ಎ. ಸೈಕಲ್ಲಿಗೆ ಮೂರು ಲಕ್ಷವೇ?”

ಆಕೆಯದು ತಪ್ಪಲ್ಲ. ಮೈಸೂರು ಕಡೆಯ ಮನೆಗಳಲ್ಲಿ ಆ ಮೂರು ಅಕ್ಷರಗಳು ಬಹುಕಾಲ ಮದರಾಸಿನ ಕಂಪನಿಯೊಂದರ ಬೈಸಿಕಲ್ಲಿಗೆ ಸೇರಿದ್ದವು. ಆಕೆ ಮಹಾರಾಣಿ ಕಾಲೇಜಿಗೆ ಹೋಗಿ ಬರುತ್ತಿದ್ದುದೂ ಅಂಥದೊಂದು ಸೈಕಲ್ಲಿನಲ್ಲಿಯೇ.

ಹುಡುಗ ನಗಲಿಲ್ಲ. ಮೋಹಕ್ಕೊಳಗಾದವರು ಹಾಸ್ಯವನ್ನು ಸಹಿಸುವುದಿಲ್ಲ. ಆತ ವಾಹನದ ವಂಶಾವಳಿಯನ್ನು ಹೇಳತೊಡಗಿದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದ ಬಂದೂಕು ತಯಾರಕರು 1861ರಲ್ಲಿ ಸೇರಿ ಕಟ್ಟಿದ ಸಂಸ್ಥೆ ಅದು. ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕುಗಳು ಅದರ ಮುದ್ರೆ. ಬಂದೂಕಿನಿಂದ ಬೈಸಿಕಲ್ಲಿಗೆ, ಬೈಸಿಕಲ್ಲಿನಿಂದ ಮೋಟಾರ್ ಸೈಕಲ್ಲಿಗೆ ಅದರ ಉದ್ಯೋಗ ಬೆಳೆಯಿತು. 1937ರಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬ ಪಂದ್ಯದ ಹಾದಿಯಲ್ಲಿ ವಾಲ್ ಹ್ಯಾಂಡ್ಲಿ ಎಂಬ ಸವಾರ ಅದರ ವಾಹನವೊಂದನ್ನೇರಿ, ಗಂಟೆಗೆ ನೂರು ಮೈಲಿಗೂ ಮೀರಿದ ವೇಗದಲ್ಲಿ ಸುತ್ತು ಹಾಕಿ, ಆ ಸಾಧನೆಗೆ ಕೊಡುತ್ತಿದ್ದ ಚಿನ್ನದ ನಕ್ಷತ್ರದ ಬಿಲ್ಲೆಯನ್ನು ಪಡೆದ. ಮರುವರ್ಷದ ವಾಹನಕ್ಕೆ ಅದೇ ಹೆಸರಾಯಿತು. 1963ರಲ್ಲಿ ಅದರ ತಯಾರಿಕೆ ನಿಂತಿತು. ಬಿ. ಎಸ್. ಎ. ಹೆಸರನ್ನು 2016ರಲ್ಲಿ ಕೊಂಡವರು ಭಾರತದ ಮಹೀಂದ್ರಾ ಬಳಗದವರು.

“ಹಾಗಾದರೆ ನೀನು ಹಣ ಕೊಡಬೇಕೆಂದಿರುವುದು ಹೆಸರಿಗೆ” ಎಂದರು ತಂದೆ.

ಅವರು ಬ್ಯಾಂಕಿನಲ್ಲಿ ಅಧಿಕಾರಿಗಳು. ಇತರರ ಸಾಲದ ಅರ್ಜಿಗಳನ್ನು ಓದಿ ಓದಿ ಯಾವ ಆಸೆಯನ್ನು ಕಂಡರೂ ಅದರ ಹಿಂದಿನ ಕಂತು ಅವರ ಕಣ್ಣಿಗೆ ಮೊದಲು ಬೀಳುತ್ತಿತ್ತು. ಕೈ ತೊಳೆದು ಬಂದವರೇ ಮದುವೆಯ ಕರೆಯೋಲೆಯ ಲಕೋಟೆಯೊಂದನ್ನು ಮಗುಚಿ ಲೆಕ್ಕ ಹಾಕತೊಡಗಿದರು. 350 ಸಿ. ಸಿ.ಗೆ ಮೀರಿದ ಮೋಟಾರ್ ಸೈಕಲ್ಲಿಗೆ ಆಗ ಜಿ. ಎಸ್. ಟಿ. ಮತ್ತು ಅದರ ಮೇಲಿನ ಸೆಸ್ ಕೂಡಿ ಶೇಕಡಾ 31. ಅಂದರೆ ಆ 2 ಲಕ್ಷ 99 ಸಾವಿರದಲ್ಲಿ ಎಪ್ಪತ್ತು ಸಾವಿರದಷ್ಟು ವಾಹನದ ಬೆಲೆಯೇ ಅಲ್ಲ. ಅದರ ಮೇಲೆ ರಾಜ್ಯಕ್ಕೆ ಕಟ್ಟಬೇಕಾದ ಜೀವಾವಧಿ ತೆರಿಗೆ. ಆಮೇಲೆ ವಿಮೆ. ಹೊಸ ದ್ವಿಚಕ್ರ ವಾಹನಕ್ಕೆ ಅನ್ಯರಿಗಾಗುವ ಅಪಾಯದ ವಿಮೆಯನ್ನು ಐದು ವರ್ಷಕ್ಕೆ ಒಟ್ಟಿಗೆ ಕಟ್ಟಬೇಕೆಂಬ ನಿಯಮ 2018ರಿಂದ ಇದೆ. 2022ರಲ್ಲಿ ಗೊತ್ತುಪಡಿಸಿದ ದರದಂತೆ 150ರಿಂದ 350 ಸಿ. ಸಿ.ಯವರೆಗಿನ ವಾಹನಕ್ಕೆ 7,365 ರೂಪಾಯಿ, ಅದನ್ನು ದಾಟಿದರೆ 15,117. ಎಲ್ಲ ಕೂಡಿಸಿ, ಹೆಲ್ಮೆಟ್ಟು ಕೈಗವಸುಗಳನ್ನೂ ಸೇರಿಸಿ, ತಂದೆಯವರು ಲಕೋಟೆಯ ಮೂಲೆಯಲ್ಲಿ ಬರೆದ ಮೊತ್ತ ನಾಲ್ಕು ಲಕ್ಷ.

“ಇದೇ ಹಣಕ್ಕೆ ನೂರು ಸಿ. ಸಿ.ಯ ಸಾಧಾರಣ ಗಾಡಿಗಳು ನಾಲ್ಕು ಬರುತ್ತವೆ. ಅವು ಒಂದು ಲೀಟರಿಗೆ ಓಡುವುದರಲ್ಲಿ ಇದು ಅರ್ಧವೂ ಓಡುವುದಿಲ್ಲ. ಇನ್ನು ಐದನೆಯ ವರ್ಷ ವಿಮೆಯವರು ಇದರ ಮೌಲ್ಯವನ್ನು ಅರ್ಧವೆಂದು ಬರೆದುಕೊಳ್ಳುತ್ತಾರೆ. ನಲವತ್ತೈದು ಅಶ್ವಶಕ್ತಿಯ ಗಾಡಿಯನ್ನು ಓಡಿಸುವುದಾದರೂ ಎಲ್ಲಿ? ಮೈಸೂರಿನ ಹೊಸ ಹೆದ್ದಾರಿಯಲ್ಲಿ ಬಿಡುತ್ತಾರೆಯೆ?”

ಈ ಕಡೆಯ ಮಾತು ನಾಟಿತು. ಬೆಂಗಳೂರು ಮೈಸೂರು ನಡುವಣ ವೇಗದ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ 2023ರ ಆಗಸ್ಟ್ 1ರಿಂದ ಪ್ರವೇಶವಿಲ್ಲ. ನಾಲ್ಕು ಲಕ್ಷದ ವಾಹನವಾದರೂ ಮೊಪೆಡ್ಡಿನ ಜೊತೆಗೇ ಪಕ್ಕದ ಹಾದಿಯನ್ನು ಹಿಡಿಯಬೇಕು.

ಹುಡುಗನ ಪಕ್ಷವೂ ಬರಿದಾಗಿರಲಿಲ್ಲ. ವಾರದ ಐದು ದಿನ ಆತ ಗಾಜಿನ ಕಟ್ಟಡದಲ್ಲಿ ಪರದೆಯ ಮುಂದೆ ಕೂರುವವನು. ಆತ ಮಾಡಿದ ಕೆಲಸವನ್ನು ಆತನೇ ಮುಟ್ಟಿ ನೋಡುವಂತಿಲ್ಲ. ಭಾನುವಾರ ನಸುಕಿನಲ್ಲಿ ರಾಮನಗರದ ಬಂಡೆಗಳ ಕಡೆಗೆ ಹೊರಟಾಗ ಮಾತ್ರ ತನ್ನ ಕೈಯ ಒಂದು ತಿರುವಿಗೆ ಒಂದು ಯಂತ್ರ ಉತ್ತರ ಕೊಡುತ್ತದೆಂಬ ಸಮಾಧಾನ. ಕಾಲೇಜಿನ ಕಾಲದ 125 ಸಿ. ಸಿ. ಗಾಡಿಯೂ ಉತ್ತರ ಕೊಡುತ್ತದೆ. ಆದರೆ ಗುಮಾಸ್ತೆ ಕೊಡುವಂತೆ ಕೊಡುತ್ತದೆ. ಪ್ರದರ್ಶನಾಲಯದಲ್ಲಿ ಆತ ಆ ದೊಡ್ಡ ಒಂಟಿ ಸಿಲಿಂಡರನ್ನು ಚಾಲೂ ಮಾಡಿಸಿ ಕೇಳಿದ್ದ. ಅದನ್ನು ಕೇಳಿದ ಮೇಲೆ ನಾಲ್ಕು ಸಾಧಾರಣ ಗಾಡಿಗಳ ಲೆಕ್ಕ ಆತನಿಗೆ ನಾಲ್ಕು ಹಾರ್ಮೋನಿಯಂ ಕೊಟ್ಟು ಒಂದು ವೀಣೆ ಬೇಡವೆಂದಂತೆ ತೋರಿತು.

ತಾಯಿಗೆ ಹೆಸರೂ ಬೇಡ, ವೀಣೆಯೂ ಬೇಡ. “ಬೆಲೆ ಎಷ್ಟಾದರೂ ಆಗಲಿ. ನೀನು ಹೊರಟ ಗಳಿಗೆಯಿಂದ ಫೋನು ಬರುವ ತನಕ ನಾನು ತೆರುವುದನ್ನು ಯಾರಾದರೂ ಲೆಕ್ಕಕ್ಕೆ ಹಿಡಿದಿದ್ದೀರೇನು?”

ಯಾರೂ ಹಿಡಿದಿರಲಿಲ್ಲ. ಹುಡುಗ ಮಾತ್ರ ತಡೆದು ತಡೆದು ಹೇಳಿದ: ತನ್ನ ಹಳೆಯ ಗಾಡಿಯಲ್ಲಿ ಗಾಬರಿಯಿಂದ ಬ್ರೇಕು ಹಿಡಿದರೆ ಚಕ್ರ ಬಿಗಿದು ಜಾರುವ ಭಯವಿದೆ; ಹೊಸದರಲ್ಲಿ ಎರಡೂ ಚಕ್ರಗಳು ಹಾಗೆ ಬಿಗಿಯದಂತೆ ತಡೆಯುವ ಏರ್ಪಾಡಿದೆ. ಬೆಲೆಯಲ್ಲಿ ನಿಜವಾಗಿ ತೂಕವುಳ್ಳ ಭಾಗ ಯಾವುದಾದರೂ ಇದ್ದರೆ ಅದು ಇದೇ. ಆದರೆ 213 ಕಿಲೋ ಭಾರದ ವಾಹನವನ್ನು ಆ ವೇಗದಲ್ಲಿ ಬಿಟ್ಟವರಿಗೆ ಆ ಏರ್ಪಾಡು ಬೇಕೇ ಬೇಕೆಂಬುದೂ ನಿಜ. ತಾಯಿ ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡು ಒಳಗೆ ಹೋದರು.

ಇಷ್ಟು ಹೊತ್ತೂ ತಾತ ಮಾತಾಡಿರಲಿಲ್ಲ. ಎಂಬತ್ತೆರಡು ವರ್ಷದ ಆ ಹಿರಿಯರಿಗೆ ಈ ವಿಷಯದಲ್ಲಿ ಮನೆಯ ಉಳಿದವರೆಲ್ಲರಿಗಿಂತ ಹೆಚ್ಚಿನ ಅಧಿಕಾರವಿತ್ತು. ಜೆಕೊಸ್ಲೊವಾಕಿಯದ ಜಾವಾ ಮೋಟಾರ್ ಸೈಕಲ್ಲು 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತಷ್ಟೆ. ತಾತ ಅಲ್ಲಿಗೆ ಸೇರಿದ್ದು ಇಪ್ಪತ್ತೊಂದನೆಯ ವಯಸ್ಸಿನಲ್ಲಿ. ಹೊರಬಂದದ್ದು ಕಾರ್ಖಾನೆ 1996ರಲ್ಲಿ ಮುಚ್ಚಿದಾಗ. 250 ಸಿ. ಸಿ.ಯ ಆ ವಾಹನಕ್ಕೆ ಇದ್ದದ್ದು ಹನ್ನೆರಡೇ ಅಶ್ವಶಕ್ತಿ. ಒದ್ದು ಚಾಲೂ ಮಾಡುವ ಕಡ್ಡಿಯನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರಿನ ಕಡ್ಡಿಯಾಗುತ್ತಿತ್ತು. ಜಾವಾ ಹೆಸರನ್ನು 2018ರಲ್ಲಿ ಮತ್ತೆ ರಸ್ತೆಗಿಳಿಸಿದ ಸಂಸ್ಥೆಯೇ ಈಗ ಬಿ. ಎಸ್. ಎ.ಯನ್ನೂ ತಂದಿದೆಯೆಂದು ಕೇಳಿ ಅವರು ತಲೆದೂಗಿದರು. ಬೀಗರ ಸಂಬಂಧ ತಿಳಿದಂತಾಯಿತು.

“ತಾತ, ನೀವೂ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚು ಕೊಟ್ಟು ಜಾವಾ ಕೊಂಡವರೇ ಅಲ್ಲವೇ?” ಎಂದ ಮೊಮ್ಮಗ.

“ಹೌದಪ್ಪ, 1968ರಲ್ಲಿ ಕೊಂಡೆ. ನಮ್ಮಪ್ಪ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು. ಆದರೆ ಇಪ್ಪತ್ತೆಂಟು ವರ್ಷ ದಿನವೂ ಅದನ್ನು ಹತ್ತಿದೆ. ಕಾರ್ಖಾನೆಗೆ ಅದೇ, ದೇವರಾಜ ಮಾರುಕಟ್ಟೆಗೆ ಅದೇ, ನಿಮ್ಮಪ್ಪ ಹುಟ್ಟುವ ರಾತ್ರಿ ಆಸ್ಪತ್ರೆಗೂ ಅದೇ. ಹಾಗೆ ನೋಡಿದರೆ ನನಗೆ ಅದು ಪುಕ್ಕಟೆ ಬಿತ್ತು. ನೀನು ಇದನ್ನು ಎಷ್ಟು ದಿನ ಹತ್ತುತ್ತೀಯೆ, ಅದನ್ನು ಹೇಳು.”

ಹುಡುಗ ಯೋಚಿಸಿದ. ಕಚೇರಿಗೆ ಮೆಟ್ರೋ ಇದೆ. ಉಳಿದದ್ದು ಭಾನುವಾರ. ಮಳೆಗಾಲವನ್ನು ಕಳೆದರೆ ವರ್ಷಕ್ಕೆ ನಲವತ್ತು. ಹತ್ತು ವರ್ಷಕ್ಕೆ ನಾನೂರು.

“ನಾಲ್ಕು ಲಕ್ಷಕ್ಕೆ ನಾನೂರು ಭಾನುವಾರ. ಒಂದೊಂದಕ್ಕೆ ಸಾವಿರ ರೂಪಾಯಿ, ಪೆಟ್ರೋಲು ಬೇರೆ” ಎಂದರು ತಾತ. “ದುಬಾರಿಯೇನಲ್ಲ. ಮನೆಮಂದಿಯೆಲ್ಲ ಒಂದು ಸಿನಿಮಾಕ್ಕೆ ಹೋದರೆ ಅಷ್ಟಾಗುತ್ತದೆ. ಆದರೆ ಎರಡು ವರ್ಷ ಓಡಿಸಿ ಮುಸುಕು ಹಾಕಿ ನಿಲ್ಲಿಸಿದೆಯೋ, ಒಂದೊಂದು ಭಾನುವಾರ ಐದು ಸಾವಿರದ್ದು. ಕಂಪನಿಯವನು ಹೇಳುವುದು ಅರ್ಧ ಬೆಲೆ ಕಣೋ. ಉಳಿದರ್ಧ ಗೊತ್ತಾಗುವುದು ನಿನ್ನಿಂದ.”

ಬೆಲೆ ಹೆಚ್ಚಿದ ವಸ್ತುವನ್ನು ಕುರಿತ ವಾದಗಳು ಸಾಮಾನ್ಯವಾಗಿ ಎಡವುವುದು ಈ ಜಾಗದಲ್ಲಿಯೇ. ವಸ್ತುವಿನ ಗುಣವನ್ನು ಎಷ್ಟು ವರ್ಣಿಸಿದರೂ, ನಿಂದಿಸಿದರೂ, ಭಾಗಿಸುವ ಸಂಖ್ಯೆ ವಸ್ತುವಿನಲ್ಲಿಲ್ಲ. ಮನೆಯಲ್ಲಿ ಮಲಗಿರುವ ವೀಣೆ ಹಾರ್ಮೋನಿಯಕ್ಕಿಂತ ದುಬಾರಿ. ನಿತ್ಯ ನುಡಿಯುವ ವೀಣೆ ಅಗ್ಗ. ಆದರೆ ಕೊಳ್ಳುವ ದಿನ ಯಾರಿಗೂ ತನ್ನ ಸಂಖ್ಯೆ ತಿಳಿದಿರುವುದಿಲ್ಲ. ಆಸೆ ಹೇಳಿದ ಸಂಖ್ಯೆಯನ್ನೇ ನಂಬುತ್ತಾರೆ.

ತಂದೆ ಇದನ್ನು ಪರೀಕ್ಷೆಗೆ ಒಡ್ಡಿದರು. ಕೊಳ್ಳಬೇಡವೆನ್ನಲಿಲ್ಲ. ನವರಾತ್ರಿಯಿಂದ ಒಂದು ವರ್ಷ ತಿಂಗಳಿಗೆ ಹತ್ತು ಸಾವಿರದಂತೆ, ಕಂತು ಕಟ್ಟಿದ ಹಾಗೆಯೇ, ಬ್ಯಾಂಕಿನಲ್ಲಿಡಬೇಕು. ಭಾನುವಾರ ಹಳೆಯ ಗಾಡಿಯಲ್ಲಿಯೇ ಹೊರಡಬೇಕು. ಹೊರಟ ದಿನ ಒಂದು ಪುಸ್ತಕದಲ್ಲಿ ಗುರುತು ಹಾಕಬೇಕು. ಹೊರಡದ ದಿನ ಕಾರಣ ಬರೆಯಬೇಕು. ತಾಯಿ ಒಂದು ಷರತ್ತನ್ನು ಕೂಡಿಸಿದರು: ಒಳ್ಳೆಯ ಹೆಲ್ಮೆಟ್ಟು, ಜಾಕೀಟು ವರ್ಷ ಕಳೆದ ಮೇಲಲ್ಲ, ಈಗಲೇ ಬರಬೇಕು. ಹುಡುಗ ಒಪ್ಪಿದ; ಆದರೆ ಅಪ್ಪನ ಕೃಪಣತೆಯನ್ನು ಮನಸ್ಸಿನಲ್ಲಿ ಕ್ಷಮಿಸಲಿಲ್ಲ.

ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ, ಯೆಜ್ದಿ ವಾಹನಗಳ ಅಭಿಮಾನಿಗಳು ಊರೂರುಗಳಲ್ಲಿ ಕೂಡುವುದುಂಟು. 2025ರ ಜುಲೈ 13ರಂದು ಮೊಮ್ಮಗ ತಾತನನ್ನು ಅಂಥ ಕೂಟಕ್ಕೆ ಕರೆದೊಯ್ದ. ಕಾರ್ಖಾನೆ ಮುಚ್ಚಿದ ಮೇಲೆ ಹುಟ್ಟಿದ ಹುಡುಗರು ಅಲ್ಲಿ ಹಳೆಯ ಟ್ಯಾಂಕುಗಳನ್ನು ಕನ್ನಡಿಯಂತೆ ಉಜ್ಜಿ ನಿಲ್ಲಿಸಿದ್ದರು. ತಾತ ಒಂದೊಂದರ ಬಳಿಯೂ ಬಗ್ಗಿ, ಮಕ್ಕಳ ಕಿವಿ ನೋಡುವಂತೆ, ಕಾರ್ಬ್ಯುರೇಟರನ್ನು ನೋಡಿ ಬಂದರು.

“ನಿಮ್ಮದನ್ನೇಕೆ ತಾತ ಮಾರಿದಿರಿ?”

“ತೊಂಬತ್ತಾರರಲ್ಲಿ ಸಂಬಳ ನಿಂತಿತು. ನಿಮ್ಮಪ್ಪನ ಬಿ. ಕಾಂ. ಕೊನೆಯ ವರ್ಷ. ಶುಲ್ಕ ಕಟ್ಟಬೇಕಾಗಿತ್ತು. ಕೊಂಡವನ ಮನೆಗೆ ಗಾಡಿಯನ್ನು ತಳ್ಳಿಕೊಂಡು ಹೋಗಿ ಬಿಟ್ಟು ಬಂದವನು ಅವನೇ. ಓಡಿಸಿಕೊಂಡು ಹೋಗು ಎಂದೆ; ಓಡಿಸಲಿಲ್ಲ.”

ಮೊಮ್ಮಗ ಸುಮ್ಮನಾದ. ಆ ಸಂಜೆ ಮನೆಯಲ್ಲಿ ತಂದೆಯ ಸ್ಕೂಟರನ್ನು, ಯಾರೂ ಹೇಳದೆಯೆ, ತೊಳೆದು ಒರೆಸಿ ನಿಲ್ಲಿಸಿದ.

ವರ್ಷ ತಿರುಗಿತು. 2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ, ಹೊಸ ತೆರಿಗೆ ಜಾರಿಗೆ ಬಂದಿತು. 350 ಸಿ. ಸಿ.ಯವರೆಗಿನ ವಾಹನಕ್ಕೆ ಶೇಕಡಾ 28 ಇದ್ದದ್ದು 18ಕ್ಕೆ ಇಳಿಯಿತು. ಅದಕ್ಕೆ ಮೀರಿದ್ದಕ್ಕೆ 31 ಇದ್ದದ್ದು 40ಕ್ಕೆ ಏರಿತು. ಮೂಲಬೆಲೆ ಹಾಗೆಯೇ ಉಳಿಯಿತೆಂದು ಭಾವಿಸಿದರೂ ಹುಡುಗನ ಕನಸಿನ ಮೇಲೆ ಇಪ್ಪತ್ತು ಸಾವಿರ ಹೆಚ್ಚಿದ ಹಾಗಾಯಿತು. ಗೊಂಬೆ ಕೂಡಿಸಿದ ಹಜಾರದಲ್ಲಿ ತಂದೆ ಪುಸ್ತಕವನ್ನು ತೆರೆದರು.

ನವರಾತ್ರಿಯಿಂದ ನವರಾತ್ರಿಯವರೆಗೆ ಭಾನುವಾರಗಳು ಐವತ್ತೊಂದು. ಗುರುತು ಬಿದ್ದವು ಹತ್ತೊಂಬತ್ತು. ಮಳೆ ಎಂಟು, ಕಚೇರಿಯ ಕೆಲಸ ಆರು, ಮದುವೆ ಮುಂಜಿಗಳೂ ರೈಲಿನಲ್ಲಿ ಊರಿಗೆ ಬಂದವೂ ಏಳು. ಉಳಿದ ಹನ್ನೊಂದರ ಮುಂದೆ ಹುಡುಗ ಪ್ರಾಮಾಣಿಕವಾಗಿ ‘ನಿದ್ದೆ’ ಎಂದು ಬರೆದಿದ್ದ.

ಲೆಕ್ಕವನ್ನು ಆತನೇ ಮಾಡಿ ಹೇಳಿದ: “ನಾಲ್ಕು ಲಕ್ಷ ಇಪ್ಪತ್ತು ಸಾವಿರ. ಹತ್ತು ವರ್ಷಕ್ಕೆ ನೂರ ತೊಂಬತ್ತು ಭಾನುವಾರ. ಒಂದಕ್ಕೆ ಎರಡು ಸಾವಿರದ ಇನ್ನೂರು. ಬೇಡಪ್ಪ. ಗಾಡಿ ಆ ಬೆಲೆಗೆ ಯೋಗ್ಯವಾದದ್ದೇ. ನಾನು ಇನ್ನೂ ಆಗಿಲ್ಲ.”

ಬ್ಯಾಂಕಿನಲ್ಲಿದ್ದ ಒಂದು ಲಕ್ಷ ಇಪ್ಪತ್ತು ಸಾವಿರದ ಮಾತನ್ನು ಯಾರೂ ಎತ್ತಲಿಲ್ಲ. ತಂದೆ ಪುಸ್ತಕವನ್ನು ಮುಚ್ಚಿ, ಕೊಂಚ ತಡೆದು, “ಆ ಶಬ್ದ ಮಾತ್ರ ಚೆನ್ನಾಗಿದೆ. ಬೆಂಗಳೂರಿಗೆ ಬಂದಿದ್ದಾಗ ನಾನೂ ಹೋಗಿ ಕೇಳಿ ಬಂದೆ” ಎಂದರು. ತಾಯಿ ತಿರುಗಿ ನೋಡಿದರು.

ತಾತ ಚಿಗುಳಿ ಉಂಡೆಯೊಂದನ್ನು ಮೊಮ್ಮಗನ ಕೈಗೆ ಹಾಕಿದರು. “ಹತ್ತೊಂಬತ್ತು ಕಡಮೆಯೇನಲ್ಲ ಕಣೋ. ಮುಂದಿನ ನವರಾತ್ರಿಗೆ ಅದನ್ನು ಮೂವತ್ತು ಮಾಡಿ ತೋರಿಸು. ಆಗ ಅಂಗಡಿಗೆ ನಾನೂ ಬರುತ್ತೇನೆ. ಹಿಂದಿನ ಸೀಟು ನನಗೆ ಎತ್ತರವಾಗುತ್ತದೆಯೇ ಹೇಗೆ, ಅದನ್ನು ನೋಡಿಕೊಂಡೇ ಹಣ ಕೊಡತಕ್ಕದ್ದು.”

ಹುಡುಗ ಹೊಸ ಪುಟಕ್ಕೆ ಗೆರೆ ಎಳೆದ.