ಹೊಸ ಟ್ಯಾಬಿನ ಹಳದಿ ಅಂಚು

ಬರೆಯದೆ ತುಂಬ ದಿನವಾಯಿತು. ಮಳೆಗಾಲದ ಶಾಲೆ ಅಂದರೆ ನಿಮಗೆ ಗೊತ್ತೇ ಇದೆ. ಒದ್ದೆ ಕೊಡೆ, ಒದ್ದೆ ಚೀಲ, ನಡುನಡುವೆ ಮಳೆ ರಜೆ, ಆ ರಜೆ ತುಂಬಿಸಲು ಶನಿವಾರದ ಕ್ಲಾಸು. ಇವತ್ತು ಬರೆಯುವುದು ಪಾಠದ ವಿಷಯ ಅಲ್ಲ, ನಾನು ಮಾಡಿದ ಒಂದು ತಪ್ಪಿನ ವಿಷಯ.

ನಮ್ಮದು ಮಂಜೇಶ್ವರದ ಕಡೆಯ ಸಣ್ಣ ಕನ್ನಡ ಶಾಲೆ. ಮಕ್ಕಳು ಮನೆಯಲ್ಲಿ ತುಳು, ಬ್ಯಾರಿ, ಮಲಯಾಳ, ಕೊಂಕಣಿ ಏನೇ ಮಾತಾಡಲಿ, ಗೇಟಿನ ಒಳಗೆ ಬಂದ ಮೇಲೆ ಕನ್ನಡ. ಇಲ್ಲಿ ಕಲಿತು ಈಗ ಗಲ್ಫಿನಲ್ಲಿರುವ ನಾಲ್ಕೈದು ಮಂದಿ ಹಳೆ ವಿದ್ಯಾರ್ಥಿಗಳು ಸೇರಿ 2024ರ ಜೂನ್‌ನಲ್ಲಿ ಶಾಲೆಗೆ ಒಂದು ಟ್ಯಾಬ್ಲೆಟ್ ಕೊಡಿಸಿದರು. ಕೈಟ್‌ನವರ 'ಸಮಗ್ರ' ಪೋರ್ಟಲಿನಲ್ಲಿ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳೂ ಇವೆಯಲ್ಲ, ಅವನ್ನು ಅಷ್ಟರವರೆಗೆ ನಾನು ನನ್ನ ಅಂಗೈಯಗಲದ ಫೋನಿನಲ್ಲಿ ತೆರೆದು ತೋರಿಸುತ್ತಿದ್ದೆ. ಹತ್ತು ಇಂಚಿನ ಪರದೆ ಬಂದಾಗ ಮಕ್ಕಳಿಗಿಂತ ಹೆಚ್ಚು ಖುಷಿಯಾದದ್ದು ನನಗೇ. ಪೆಟ್ಟಿಗೆ ಬಿಚ್ಚುವಾಗ ಪಿಟಿಎ ಅಧ್ಯಕ್ಷರು, ಹೆಡ್‌ಮಾಸ್ಟ್ರು, ಮಕ್ಕಳು ಎಲ್ಲ ನಿಂತು ಫೋಟೋ ಕೂಡ ತೆಗೆಸಿಕೊಂಡೆವು.

ಅದನ್ನು ಚಾರ್ಜಿಗೆ ಇಡುವುದು, ಒರೆಸುವುದು, ಕಪಾಟಿಗೆ ಸೇರಿಸುವುದು ನಾಲ್ಕನೇ ಕ್ಲಾಸಿನ ಒಬ್ಬ ಹುಡುಗನ ಜವಾಬ್ದಾರಿ. ಹೆಸರು ಬೇಡ. ಮಾತು ಕಡಿಮೆ, ಕೈ ಚುರುಕು.

ಮೂರು ವಾರ ಕಳೆದಿರಬೇಕು. ಒಂದು ದಿನ ಬಿಳಿ ಪುಟ ತೆರೆದರೆ ಪರದೆಯ ಎಡ ಅಂಚು ಹಳದಿ! ಚಹಾ ಚೆಲ್ಲಿ ಒಣಗಿದ ಹಾಗೆ ಒಂದೆರಡು ಬೆರಳು ಅಗಲಕ್ಕೆ. ಬಲಕ್ಕೆ ಹೋದ ಹಾಗೆ ಬಿಳಿ. ಹಿಂದಿನ ದಿನ ಮಳೆ ಬಿಟ್ಟು ಬಿಸಿಲು ಬಂದಾಗ ಟ್ಯಾಬ್ ಕಿಟಿಕಿಯ ದಂಡೆಯ ಮೇಲಿದ್ದದ್ದನ್ನು ನಾನೇ ಕಂಡಿದ್ದೆ. ಇಟ್ಟವನು ಅದೇ ಹುಡುಗ. ನನಗೆ ಮತ್ತೆ ಯೋಚನೆ ಮಾಡುವ ತಾಳ್ಮೆ ಎಲ್ಲಿತ್ತು... "ಎಂತ ಮಾಡಿದ್ದು ನೀನು? ಬಿಸಿಲಿಗೆ ಇಟ್ಟು ಹಾಳು ಮಾಡಿದ್ಯಲ್ಲ! ಕೊಟ್ಟವರಿಗೆ ನಾನು ಎಂತ ಹೇಳಲಿ?" ಇಡೀ ಕ್ಲಾಸಿನ ಎದುರು ಬೈದೆ. ಅವನು ತಲೆ ತಗ್ಗಿಸಿ ನಿಂತ. ಒಂದು ಮಾತು ಆಡಲಿಲ್ಲ. ಮಾತಾಡದೆ ಇದ್ದದ್ದನ್ನೇ ನಾನು ಒಪ್ಪಿಗೆ ಅಂದುಕೊಂಡೆ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಅವನ ಅಮ್ಮ ಬಂದರು. ಬೀಡಿ ಕಟ್ಟಿ ಮನೆ ನಡೆಸುವವರು. ಜಗಲಿಯ ಮೇಲೆ ಹತ್ತದೆ ಕೆಳಗೇ ನಿಂತು ಕೇಳಿದರು: "ಟೀಚರ್, ಅದಕ್ಕೆ ಎಷ್ಟು ಆಗ್ತದೆ? ಒಟ್ಟಿಗೆ ಆಗ್ಲಿಕ್ಕಿಲ್ಲ, ತಿಂಗಳು ತಿಂಗಳು ಸ್ವಲ್ಪ ಕೊಟ್ರೆ ಆಗ್ತದಾ?"

ನನಗೆ ಬಾಯಿ ಬರಲಿಲ್ಲ. "ನೀವು ಎಂತದೂ ಕೊಡುವುದು ಬೇಡ, ಅವನನ್ನು ಕಳಿಸಿ" ಎಂದಷ್ಟೇ ಹೇಳಿದೆ.

ಅಂದು ಸಂಜೆ ಟ್ಯಾಬನ್ನು ಮನೆಗೆ ತಂದು ಕೂತೆ. ಮೊದಲು ಸೆಟ್ಟಿಂಗ್ಸ್ ನೋಡಿದೆ. ರಾತ್ರಿ ಹೊತ್ತು ಕಣ್ಣಿಗೆ ಹಿತವಾಗಲಿ ಎಂದು ಪರದೆಯ ನೀಲಿಯನ್ನು ಕಡಿಮೆ ಮಾಡುವ 'ನೈಟ್ ಲೈಟ್' ಅಂತ ಒಂದು ಉಂಟು. ಅದು ಆನ್ ಆಗಿದ್ದರೆ ಇಡೀ ಪರದೆ ಹಳದಿಯಾಗಬೇಕು, ಒಂದು ಬದಿ ಮಾತ್ರ ಅಲ್ಲ. ಅದು ಆಫ್ ಇತ್ತು. ಆಮೇಲೆ ಸ್ಕ್ರೀನ್‌ಶಾಟ್ ತೆಗೆದು ನನ್ನ ಫೋನಿಗೆ ಕಳಿಸಿದೆ. ಫೋನಿನಲ್ಲಿ ಪುಟ ಪೂರ್ತಿ ಬಿಳಿ. ಅಂದರೆ ಚಿತ್ರದಲ್ಲಿ ದೋಷ ಇಲ್ಲ. ಟ್ಯಾಬನ್ನು ತಲೆಕೆಳಗು ಮಾಡಿದೆ. ಅಕ್ಷರಗಳು ತಿರುಗಿ ನೆಟ್ಟಗಾದವು, ಹಳದಿ ಮಾತ್ರ ಗಾಜಿನ ಅದೇ ಅಂಚಿಗೆ ಅಂಟಿಕೊಂಡಿತ್ತು. ಹಾಗಾದರೆ ದೋಷ ಪರದೆಯದ್ದೇ. ಆದರೆ ಯಾವಾಗಿನಿಂದ?

ಆಗ ನೆನಪಾದದ್ದು ಆ ಫೋಟೋ. ತೆರೆದು ದೊಡ್ಡದು ಮಾಡಿದೆ. ಹೆಡ್‌ಮಾಸ್ಟ್ರ ಕೈಯಲ್ಲಿ ಆಗ ತಾನೇ ಆನ್ ಮಾಡಿದ ಟ್ಯಾಬ್, ಬಿಳಿ ಪರದೆ, ಎಡ ಅಂಚಿನಲ್ಲಿ ಅದೇ ಹಳದಿ. ಮೊದಲ ದಿನವೇ! ನಾವೆಲ್ಲ ಕ್ಯಾಮೆರಾ ನೋಡಿ ನಗುತ್ತಿದ್ದೆವು. ಪರದೆ ನೋಡಿದವರು ಯಾರೂ ಇಲ್ಲ.

ಇದು ಹೇಗಾಗುತ್ತದೆ ಎಂದು ಮತ್ತೆ ಓದಿ ತಿಳಿದುಕೊಂಡೆ. ಇಂಥ ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಒಂದು ಅಂಚಿನಲ್ಲಿ ಸಣ್ಣ ಎಲ್‌ಇಡಿ ದೀಪಗಳ ಸಾಲು ಇರುತ್ತದೆ. ಅವು ಮೂಲದಲ್ಲಿ ನೀಲಿ ದೀಪಗಳು. ಮೇಲೆ ಫಾಸ್ಫರ್ ಎಂಬ ಲೇಪ. ನೀಲಿಯ ಒಂದು ಪಾಲನ್ನು ಅದು ಹಳದಿ ಮಾಡುತ್ತದೆ, ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ. (ಆ ನೀಲಿ ಎಲ್‌ಇಡಿಗಾಗಿಯೇ 2014ರಲ್ಲಿ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಬಂತು.) ಆ ಬೆಳಕನ್ನು ಪರದೆಯಿಡೀ ಹರಡಲು ಹಿಂದೆ ತೆಳು ಹಾಳೆಗಳಿವೆ. ಲೇಪ ಹೆಚ್ಚು ಕಡಿಮೆಯಾದರೂ, ಹಾಳೆಗಳು ಸರಿಯಾಗಿ ಕೂರದಿದ್ದರೂ ಒಂದು ಬದಿ ಹಳದಿ ಕಾಣಬಹುದು. ಇಡೀ ಪರದೆ ಒಂದೇ ಸಮ ತುಸು ಹಳದಿ ಇದ್ದರೆ ಅದು ಹೆಚ್ಚಾಗಿ ದೋಷ ಅಲ್ಲ, ಸೆಟ್ಟಿಂಗ್ಸ್‌ನಲ್ಲಿ ಸರಿಮಾಡಬಹುದು. ಒಂದು ಬದಿ ಮಾತ್ರ ಆದರೆ ಯಾವ ಸೆಟ್ಟಿಂಗೂ ಉಪಯೋಗಕ್ಕೆ ಬಾರದು. ಇನ್ನು ಬಿಸಿಲಿನ ಮಾತು. ತುಂಬ ಕಾದರೆ ಎಲ್‌ಸಿಡಿ ಸ್ವಲ್ಪ ಹೊತ್ತು ಕಪ್ಪಾಗಬಹುದು, ತಣಿದ ಮೇಲೆ ಸರಿಯಾಗುತ್ತದೆ. ಅರ್ಧ ಗಂಟೆಯ ಬಿಸಿಲಿಗೆ ಅಂಚು ಹೀಗೆ ಹಳದಿ ಆಗುವುದಿಲ್ಲ. ಇದನ್ನು ಬೈಯುವ ಮೊದಲು ಓದಬೇಕಿತ್ತು.

ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ, ತಲಪಾಡಿ ದಾಟಿ, ಮಂಗಳೂರಿನ ಅಂಗಡಿಗೆ ಹೋದೆ. "ಎಲ್ಲ ಪೀಸೂ ಹೀಗೇ ಮೇಡಂ, ಸ್ವಲ್ಪ ದಿನ ಯೂಸ್ ಮಾಡಿ, ಹೋಗ್ತದೆ" ಅಂದರು. "ಹಾಗಾದ್ರೆ ನಿಮ್ಮ ಡೆಮೋ ಪೀಸ್ ತನ್ನಿ" ಅಂದೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಬ್ರೈಟ್‌ನೆಸ್ ಪೂರ್ತಿ ಏರಿಸಿ, ಎರಡರಲ್ಲೂ ಬಿಳಿ ಪುಟ ತೆರೆದೆ. ಅವರಿಗೂ ಕಂಡಿತು. ಮೊದಲ ದಿನದ ಫೋಟೋ, ಬಿಲ್ಲು ತೋರಿಸಿದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ದೂರು ಹೇಳಬಹುದೆಂದು ನನಗೆ ಗೊತ್ತಿದೆ ಎಂದೂ ಮೆಲ್ಲಗೆ ಹೇಳಿದೆ. ಅಷ್ಟರವರೆಗೆ ಹೋಗಬೇಕಾಗಲಿಲ್ಲ. ವಾರಂಟಿಯಲ್ಲಿ ತೆಗೆದುಕೊಂಡರು. ಎರಡು ವಾರ ಕಳೆದು ಬೇರೆ ಪರದೆ ಹಾಕಿ ಕೊಟ್ಟರು.

ಆದರೆ ಅದಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿತ್ತು. ಸೋಮವಾರ ಹುಡುಗ ಬಂದಿದ್ದ, ಹಿಂದಿನ ಬೆಂಚಿನಲ್ಲಿ. ಬೈದದ್ದು ಎಲ್ಲರ ಎದುರು, ಹಾಗಾಗಿ ಸ್ಟಾಫ್ ರೂಮಿಗೆ ಕರೆದು ಗುಟ್ಟಿನಲ್ಲಿ ಸಮಾಧಾನ ಹೇಳಿದರೆ ಸಾಲದು ಅನಿಸಿತು. ಫೋಟೋವನ್ನು ಎಲ್ಲ ಮಕ್ಕಳಿಗೂ ತೋರಿಸಿದೆ. "ಇದು ಮೊದಲೇ ಹಾಳಾಗಿತ್ತು. ಇವನದ್ದು ತಪ್ಪಿಲ್ಲ, ತಪ್ಪು ನನ್ನದು" ಎಂದು ಹೇಳಿ ಅವನಲ್ಲಿ ಕ್ಷಮೆ ಕೇಳಿದೆ. ಇಪ್ಪತ್ತು ವರ್ಷದ ಮಾಸ್ತರಿಕೆಯಲ್ಲಿ ಮಕ್ಕಳ ಎದುರು ಇಷ್ಟು ಕಷ್ಟದ ಮಾತು ಆಡಿದ್ದು ನೆನಪಿಲ್ಲ.

ಆಮೇಲೆ ಕೇಳಿದೆ, "ನಿನಗೆ ಮೊದಲು ಕಂಡಿರಲಿಲ್ವಾ?"

"ಕಂಡಿತ್ತು ಟೀಚರ್. ಮೊದಲ ದಿನವೇ."

"ಮತ್ತೆ ಹೇಳಲಿಲ್ಲ ಯಾಕೆ ಮಾರಾಯ?"

"ನಮ್ಮ ಲೈಬ್ರರಿಯ ಪುಸ್ತಕ ಎಲ್ಲ ಬದಿಯಲ್ಲಿ ಹಳದಿ ಅಲ್ವಾ ಟೀಚರ್... ಕನ್ನಡ ಪುಸ್ತಕ ಅಂದ್ರೆ ಇದರಲ್ಲಿಯೂ ಹಾಗೇ ಕಾಣುವುದು ಅಂತ ಗ್ರೇಶಿದೆ."

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಸಂಜೆ ಕಪಾಟು ತೆರೆದು ಆ ಪುಸ್ತಕಗಳನ್ನು ಒಂದೊಂದಾಗಿ ನೋಡುವಾಗ ನಗು ಬರಲಿಲ್ಲ. ಅವನು ಹುಟ್ಟುವ ಮೊದಲೇ ಬಂದ ಪುಸ್ತಕಗಳೇ ಹೆಚ್ಚು. ಗಲ್ಫಿನ ಆ ಹಳೆ ವಿದ್ಯಾರ್ಥಿಗಳಿಗೆ ಪರದೆಯ ಕಥೆಯ ಜೊತೆ ಹುಡುಗನ ಮಾತನ್ನೂ ಬರೆದು ಕಳಿಸಿದ್ದೇನೆ. ಈ ಸಲ ಪುಸ್ತಕ ಕೊಡಿಸುವ ಅಂದಿದ್ದಾರೆ.

ನಿಮ್ಮ ಶಾಲೆಗೂ ಇಂಥದ್ದು ಬಂದರೆ ಪೆಟ್ಟಿಗೆ ಬಿಚ್ಚಿದ ದಿನವೇ ಬಿಳಿ ಪುಟ ತೆರೆದು ನಾಲ್ಕು ಅಂಚೂ ನೋಡಿ, ಒಂದು ಫೋಟೋ ತೆಗೆದಿಡಿ, ಬಿಲ್ಲು ಜೋಪಾನ ಮಾಡಿ. ನಮ್ಮ ಟ್ಯಾಬ್ ಸರಿಯಾಗಿ ಬಂದ ದಿನ ಹಾಗೆ ಮೊದಲು ನೋಡಿದವನು ಆ ಹುಡುಗನೇ. ತಿರುಗಿಸಿ, ಓರೆ ಮಾಡಿ, ಕಣ್ಣು ಸಣ್ಣ ಮಾಡಿ ನೋಡಿ ಹೇಳಿದ, "ಬಿಳಿ ಉಂಟು ಟೀಚರ್." ಆಮೇಲೆ ತಾನಾಗಿಯೇ ಹೋಗಿ ಚಾರ್ಜಿಗೆ ಇಟ್ಟ.