ಅಣ್ಣನ ಕಾರು, ನನ್ನ ಫೀಸು

ನಮ್ಮಣ್ಣ ಅಂಧೇರಿಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಹಳೆ ಕಾರೊಂದನ್ನು ಕೊಂಡು, ಇಂಜಿನ್ ಜೋರು ಮಾಡಿ, ಗಿಡ್ಡ ಸ್ಪ್ರಿಂಗ್ ಹಾಕಿ ಎರಡಿಂಚು ತಗ್ಗಿಸಿದ್ದ. ಅದು ಹೊರಟರೆ ಚಾಳಿನ ಮಕ್ಕಳೆಲ್ಲ ಹಿಂದೆ ಓಡುತ್ತಿದ್ದರು. ಆದರೆ ಕೆಲವೇ ತಿಂಗಳಲ್ಲಿ, ತಿರುವಿನಲ್ಲಿ ಮುಂದಿನ ಗಾಲಿಯಿಂದ 'ಟಕ್ ಟಕ್' ಶುರುವಾಯ್ತು.

"ಆಕ್ಸಲ್‌ಗೆ ತಾಕತ್ತು ಸಾಲ್ದು ಮಾರಾಯ, ದಪ್ಪದ್ದು ಹಾಕ್ಬೇಕು. ನಿನ್ನ ಫೀಸಿನ ದುಡ್ಡು ಕೊಡು" ಎಂದ. ಕನ್ನಡ ಶಾಲೆಯಿಂದ ಕಾಮರ್ಸ್ ಕಾಲೇಜಿನ ತನಕ ನನ್ನನ್ನು ಓದಿಸಿದವನು ಅವನೇ. ಇಲ್ಲವೆನ್ನಲು ಬಾಯಿ ಬರಲಿಲ್ಲ.

ಗ್ಯಾರೇಜಿನ ಹಿರಿಯ ಮೇಸ್ತ್ರಿಗಳು ಕಾರಿನಡಿ ಮಲಗಿ ನೋಡಿದರು. ಜಾಯಿಂಟಿನ ರಬ್ಬರ್ ಬೂಟು ಹರಿದು ಗ್ರೀಸೆಲ್ಲ ಹೊರಬಿದ್ದಿತ್ತು. "ಕಾರು ತಗ್ಗಿಸಿ ಆಕ್ಸಲ್ ಓರೆ ಮಾಡಿದ್ದಿ. ಬೂಟು ಹರಿದು ಧೂಳು ಹೊಕ್ಕು, ಒಳಗಿನ ಆರು ಗುಂಡುಗಳೂ ಸವೆದಿವೆ. ದಪ್ಪದ್ದು ಹಾಕಿದ್ರೆ ಓರೆ ಹೋಗುದಿಲ್ಲ. ಆಕ್ಸಲ್ ತಡೆದ್ರೆ ನಾಳೆ ಗೇರ್ ಬಾಕ್ಸ್ ಮುರೀತದೆ" ಎಂದರು.

ಜಮಾ-ಖರ್ಚು ಓದುವ ನನಗೆ ತಟ್ಟನೆ ತಿಳಿಯಿತು. ಇದು ನಷ್ಟ ಕಳೆಯುವುದಲ್ಲ, ಬೇರೆ ಖಾತೆಗೆ ಬರೆಯುವುದು. ಹೆದರುತ್ತಲೇ ಹಾಗೆಂದೆ.

ಅಣ್ಣ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಮೊದಲಿನ ಸ್ಪ್ರಿಂಗನ್ನೇ ಹಾಕಿ, ಹೊಸ ಜಾಯಿಂಟು, ಬೂಟು ಕೂರಿಸಿದ. "ಹೋಗಿ ಫೀಸು ಕಟ್ಟು" ಎಂದ.

ಈಗ ಕಾರಿನಲ್ಲಿ ಸದ್ದಿಲ್ಲ. ಮಕ್ಕಳೂ ಹಿಂದೆ ಓಡುವುದಿಲ್ಲ. ಅಣ್ಣನಿಗೆ ಅದು ಬೇಜಾರೇನೋ, ನಾನಿನ್ನೂ ಕೇಳಿಲ್ಲ.